ಮಗಳು ತೊಟ್ಟದ್ದು ವೇಷವೇ, ಉಡುಗೆಯೇ?

ಪ್ರಶ್ನೆ: ನನ್ನ ಮಗಳು ಒಂದೂವರೆ ವರ್ಷದಿಂದ ಟೋಕಿಯೋದಲ್ಲಿ ಓದುತ್ತಿದ್ದಾಳೆ. ಇತ್ತೀಚೆಗೆ ಅವಳು ಕಳಿಸಿದ ಫೋಟೋದಲ್ಲಿ ಲೇಸು, ಫ್ರಿಲ್ಲು, ರಿಬ್ಬನ್ನು ತುಂಬಿದ, ಬೊಂಬೆಗೆ ತೊಡಿಸಿದಂಥ ಉಡುಗೆ ತೊಟ್ಟಿದ್ದಾಳೆ. ಪಕ್ಕದಲ್ಲಿರುವ ಗೆಳತಿ ನೀಲಿ ಕೂದಲಿನ ವಿಗ್ಗು ಹಾಕಿಕೊಂಡು ಕೈಯಲ್ಲಿ ಕತ್ತಿ ಹಿಡಿದಿದ್ದಾಳೆ. ಹಿಂದೆ ಜಾತ್ರೆಯಂತೆ ಜನ ಕಾಣುತ್ತಾರೆ. ಇದು ನಮ್ಮ ಶಾಲೆಗಳ ಛದ್ಮವೇಷ ಸ್ಪರ್ಧೆಯಂಥದ್ದೇ ಎಂದು ಕೇಳಿದ್ದಕ್ಕೆ, ‘ಅವಳದ್ದು ಕಾಸ್‌ಪ್ಲೇ, ನನ್ನದು ಲೋಲಿಟಾ, ಎರಡೂ ಬೇರೆ ಅಪ್ಪ’ ಎಂದು ಬೇಸರ ಮಾಡಿಕೊಂಡಳು. ಆ ಹೆಸರು ಕೇಳಿ ನನಗೂ ನನ್ನ ಹೆಂಡತಿಗೂ ಗಾಬರಿಯಾಗಿದೆ. ಇದೆಲ್ಲ ಏನು? ಓದಿಗೆ, ಮುಂದೆ ಕೆಲಸಕ್ಕೆ ತೊಂದರೆಯಾಗುತ್ತದೆಯೇ? ನನ್ನ ಹೆಂಡತಿ ಚೆನ್ನಾಗಿ ಹೊಲಿಯುತ್ತಾಳೆ. ಉಡುಗೆಯ ಬೆಲೆ ಕೇಳಿದ ಮೇಲೆ, ತಾನೇ ಹೊಲಿದು ಕಳಿಸುತ್ತೇನೆ ಎನ್ನುತ್ತಿದ್ದಾಳೆ. ಹಾಗೆ ಮಾಡಬಹುದೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ, ಅವಳಿಗೆ ಬೇಸರವಾದದ್ದಕ್ಕೂ ಕಾರಣವಿದೆ. ಅವಳು ಹೇಳುವ ವ್ಯತ್ಯಾಸಕ್ಕೆ ನಮ್ಮ ಭಾಷೆಯಲ್ಲೇ ಎರಡು ಒಳ್ಳೆಯ ಪದಗಳಿವೆ: ವೇಷ ಮತ್ತು ಉಡುಗೆ. ವೇಷ ಕಟ್ಟಿದವರು ಅಷ್ಟು ಹೊತ್ತು ಇನ್ನೊಬ್ಬರಾಗುತ್ತಾರೆ, ಉಡುಗೆ ತೊಟ್ಟವರು ತಾವೇ ಆಗಿರುತ್ತಾರೆ. ಗೆಳತಿ ಯಾವುದೋ ಕಥೆಯ ಪಾತ್ರವಾಗಿ ನಿಂತಿದ್ದಾಳೆ, ನಿಮ್ಮ ಮಗಳು ನಿಮ್ಮ ಮಗಳಾಗಿಯೇ ನಿಂತಿದ್ದಾಳೆ. ತಾನು ಆರಿಸಿ, ಹಣ ಕೂಡಿಸಿ, ಗಂಟೆಗಟ್ಟಲೆ ಹೊಂದಿಸಿ ತೊಟ್ಟ ಬಟ್ಟೆಯನ್ನು ವೇಷ ಎಂದು ಕರೆದರೆ, ‘ಇದು ನೀನಲ್ಲ’ ಎಂದು ಹೇಳಿದಂತೆ ಕೇಳಿಸುತ್ತದೆ. ವಸ್ತ್ರವಿನ್ಯಾಸದ ಪಾಠ ಹೇಳುವ ನಾನು ಎರಡು ವರ್ಷ ಟೋಕಿಯೋದಲ್ಲಿದ್ದೆ. ಈ ಉಡುಗೆಗಳನ್ನು ತೊಡುವವರ ನಡುವೆ ಓಡಾಡಿದಾಗ ನಾನೂ ಮೊದಮೊದಲು ಇದೇ ತಪ್ಪು ಮಾಡಿ ತಿದ್ದಿಸಿಕೊಂಡಿದ್ದೇನೆ. ಈ ಒಂದು ವ್ಯತ್ಯಾಸ ಗಟ್ಟಿಯಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಸುಲಭವಾಗಿ ಸಿಗುತ್ತದೆ ಎಂದು ನಂಬಿ, ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಗೆಳತಿಯ ಕಾಸ್‌ಪ್ಲೇ ವಿಷಯ. ‘ಕಾಸ್ಟ್ಯೂಮ್’ ಮತ್ತು ‘ಪ್ಲೇ’ ಎಂಬ ಎರಡು ಇಂಗ್ಲಿಷ್ ಪದಗಳ ತಲೆಯನ್ನಷ್ಟೇ ಉಳಿಸಿಕೊಂಡು ಜಪಾನೀಯರು ‘ಕೊಸುಪುರೆ’ ಎಂಬ ಪದವನ್ನು ಕಟ್ಟಿದರು. ಅದನ್ನು ಅಚ್ಚಿಗೆ ತಂದವರು ತಕಾಹಾಶಿ ನೊಬುಯುಕಿ. 1983ರಲ್ಲಿ ಆನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳ, ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆಯುವಾಗ, ಛದ್ಮವೇಷ ಎಂಬ ಅರ್ಥದ ಹಳೆಯ ಜಪಾನೀ ಪದಗಳು ಈ ಯುವಜನರ ಕೆಲಸಕ್ಕೆ ಒಪ್ಪುವುದಿಲ್ಲ ಎನ್ನಿಸಿ ಅವರು ಹೊಸದೊಂದನ್ನು ಮಾಡಿದರು. ನೀವು ಬಳಸಿದ ಪದವೇ ಸಾಲದು ಎಂದು ನಾಲ್ಕು ದಶಕಗಳ ಹಿಂದೆ ಅಲ್ಲಿಯವರಿಗೂ ಅನ್ನಿಸಿತ್ತು ಎನ್ನುವುದನ್ನು ಗಮನಿಸಿ. ಪದ ಜಪಾನಿನದಾದರೂ ಆ ಅಭ್ಯಾಸ ಅಲ್ಲಿ ಮಾತ್ರ ಹುಟ್ಟಿದ್ದಲ್ಲ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ವೈಜ್ಞಾನಿಕ ಕಥಾಭಿಮಾನಿಗಳ ಸಮಾವೇಶಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಭವಿಷ್ಯಕಾಲದ ಮನುಷ್ಯರ ಉಡುಪಿನಲ್ಲಿ ಬಂದಿದ್ದರು. ಆ ಎರಡೂ ಉಡುಪನ್ನು ಹೊಲಿದವರು ಡಗ್ಲಸ್. ಹೊಲಿದ ಕೈಗಳ ಹೆಸರು ಇತಿಹಾಸದಲ್ಲಿ ಬೇಗ ಅಳಿಸಿಹೋಗುವುದರಿಂದ ಇದನ್ನು ಬೇಕೆಂದೇ ಬರೆದಿದ್ದೇನೆ.

ಜಪಾನಿನಲ್ಲಿ ಇದಕ್ಕೆ ನೆಲೆ ಸಿಕ್ಕಿದ್ದು ಕಾಮಿಕ್ ಮಾರ್ಕೆಟ್ ಎಂಬ ಸಂತೆಯಲ್ಲಿ. ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಚಿತ್ರಕಥೆಗಳನ್ನು ಮಾರಲು ಅಭಿಮಾನಿಗಳು 1975ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ಟೋಕಿಯೋದಲ್ಲಿ ಸೇರಿದಾಗ ಇದ್ದದ್ದು 32 ಬಳಗಗಳು ಮತ್ತು ಸುಮಾರು 700 ಜನ. ಅದೇ ಸಂತೆ ಈಗ ವರ್ಷಕ್ಕೆರಡು ಬಾರಿ, ಆಗಸ್ಟ್ ಮತ್ತು ಡಿಸೆಂಬರ್‌ನಲ್ಲಿ, ಟೋಕಿಯೋ ಬಿಗ್ ಸೈಟ್ ಎಂಬ ಭಾರಿ ಪ್ರದರ್ಶನ ಸಭಾಂಗಣದಲ್ಲಿ ನಡೆಯುತ್ತದೆ. 2019ರ ಬೇಸಿಗೆಯ ನಾಲ್ಕು ದಿನಗಳಲ್ಲಿ ಅಲ್ಲಿಗೆ ಬಂದವರು 7 ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಸೇರುವ ಕಡೆ ವೇಷಧಾರಿಗಳಿಗೆ ಬಿಗಿಯಾದ ನಿಯಮಗಳಿವೆ. ಮನೆಯಿಂದಲೇ ವೇಷದಲ್ಲಿ ಬರುವಂತಿಲ್ಲ, ವೇಷದಲ್ಲಿಯೇ ಮನೆಗೆ ಹೋಗುವಂತೆಯೂ ಇಲ್ಲ. ಶುಲ್ಕ ಕೊಟ್ಟು, ಗೊತ್ತುಪಡಿಸಿದ ಕೋಣೆಯಲ್ಲಿ ಬಟ್ಟೆ ಬದಲಿಸಬೇಕು. ಕತ್ತಿ, ಕೋಲು ಹಿಡಿಯುವುದಕ್ಕೂ ನಿಯಮಗಳಿವೆ. ಫೋಟೋ ತೆಗೆಯಲು ಬೇರೆಯೇ ಅಂಗಳವಿದೆ ಮತ್ತು ಕೇಳದೆ ಯಾರೂ ತೆಗೆಯುವಂತಿಲ್ಲ. ಯಕ್ಷಗಾನದ ಚೌಕಿಯನ್ನು ನೋಡಿದವರಿಗೆ ಇದರ ತರ್ಕ ತಟ್ಟನೆ ಹೊಳೆಯುತ್ತದೆ: ವೇಷಕ್ಕೆ ಒಂದು ರಂಗಸ್ಥಳವಿದೆ, ಅದರ ಆಚೆಗೆ ಬಣ್ಣ ತೊಳೆದುಕೊಳ್ಳಬೇಕು. ನಿಮ್ಮ ಮಗಳ ಫೋಟೋದಲ್ಲಿ ಹಿಂದೆ ಕಾಣುವ ಜಾತ್ರೆ ಇಂಥದ್ದೇ ಒಂದು ಅಂಗಳವಿರಬೇಕು. ನೀಲಿ ಕೂದಲಿನ ಗೆಳತಿ ಆ ಸಂಜೆ ಸಾಮಾನ್ಯ ಪ್ಯಾಂಟು, ಜಾಕೀಟು ತೊಟ್ಟುಕೊಂಡು, ಕತ್ತಿಯನ್ನು ಚೀಲದೊಳಗೆ ಹಾಕಿಕೊಂಡು ರೈಲು ಹತ್ತಿರುತ್ತಾಳೆ. ನಿಮ್ಮ ಮಗಳು ಮಾತ್ರ ಬೆಳಿಗ್ಗೆ ಮನೆ ಬಿಟ್ಟಾಗ ತೊಟ್ಟಿದ್ದ ಉಡುಗೆಯಲ್ಲೇ ಮನೆಗೆ ಮರಳಿರುತ್ತಾಳೆ. ವೇಷಕ್ಕೂ ಉಡುಗೆಗೂ ಇರುವ ಅಂತರ ಆ ರೈಲಿನ ಡಬ್ಬಿಯಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಕಾಸ್‌ಪ್ಲೇ ಮಾಡುವವರ ಶ್ರಮವನ್ನು ಕಡಿಮೆ ಎಣಿಸಬೇಡಿ. ಒಂದು ಡಿಸೆಂಬರ್‌ನಲ್ಲಿ ನಾನು ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಕುಳಿತು ಒಬ್ಬ ಹುಡುಗಿ ಸಿದ್ಧವಾಗುವುದನ್ನು ನೋಡಿದೆ. ತನ್ನ ಕೂದಲನ್ನು ತೆಳುವಾದ ಬಲೆಯ ಟೋಪಿಯೊಳಗೆ ಚಪ್ಪಟೆಯಾಗಿ ಅಡಗಿಸಿ, ಅದರ ಮೇಲೆ ವಿಗ್ಗನ್ನು ಹಣೆಯ ಕಡೆಯಿಂದ ಹಿಂದಕ್ಕೆ ಎಳೆದು ಕೂರಿಸಿಕೊಂಡಳು. ಆ ವಿಗ್ಗಿನ ಮುಂಗೂದಲು ಹಿಂದಿನ ರಾತ್ರಿಯೇ ಬಿಸಿಗಾಳಿ ಮತ್ತು ಅಂಟಿನಿಂದ ಗಾಳಿಯಲ್ಲಿ ಹಾರುತ್ತಿರುವಂತೆ ಗಟ್ಟಿಗೊಂಡಿತ್ತು. ಎದೆಯ ಕವಚವನ್ನು ಚಾಪೆಗಳಿಗೆ ಬಳಸುವಂಥ ಫೋಮ್ ಹಾಳೆಯನ್ನು ಕತ್ತರಿಸಿ, ಬಿಸಿಮಾಡಿ ಬಗ್ಗಿಸಿ, ಮೇಲೆ ಲೋಹದ ಬಣ್ಣ ಬಳಿದು ಮಾಡಿದ್ದಳು. ಅಂಚಿನಲ್ಲಿ ಬೂದು ಬಣ್ಣ ಒರೆಸಿ, ಯುದ್ಧದಲ್ಲಿ ಸವೆದಂತೆ ಕಾಣಿಸಿದ್ದಳು. ಹೊರಡುವ ಮುನ್ನ ತೋಳಿನ ಹೊಲಿಗೆ ಬಿಚ್ಚಿತು. ಪಕ್ಕದಲ್ಲಿದ್ದ ಅಪರಿಚಿತ ಹುಡುಗಿ ಕೇಳದೆಯೇ ಸೂಜಿ ದಾರ ತೆಗೆದು ಅವಳನ್ನು ನಿಲ್ಲಿಸಿಕೊಂಡು ಹೊಲಿದು ಕೊಟ್ಟಳು. ಇದಕ್ಕೆ ಅಂತರರಾಷ್ಟ್ರೀಯ ವೇದಿಕೆಯೂ ಇದೆ. ನಗೋಯಾ ನಗರದಲ್ಲಿ 2003ರಿಂದ ವಿಶ್ವ ಕಾಸ್‌ಪ್ಲೇ ಶೃಂಗಸಭೆ ನಡೆಯುತ್ತಿದ್ದು, ಅದರ ಸ್ಪರ್ಧೆಯಲ್ಲಿ ಪ್ರತಿ ದೇಶದಿಂದ ಬಂದ ಜೋಡಿಗಳು ತಾವೇ ತಯಾರಿಸಿದ ಉಡುಪಿನಲ್ಲಿ ಒಂದು ಕಿರುದೃಶ್ಯವನ್ನು ಅಭಿನಯಿಸಬೇಕು. ಬೆಂಗಳೂರಿನಲ್ಲಿ ಕಾಮಿಕ್ ಕಾನ್ ಎಂಬ ಚಿತ್ರಕಥೆ ಅಭಿಮಾನಿಗಳ ಮೇಳ ಮತ್ತು ಜಪಾನ್ ಹಬ್ಬ ನಡೆಯುವಾಗ ಹೋಗಿ ನೋಡಿದರೆ ಈ ಕಲೆ ನಮ್ಮ ಮಕ್ಕಳ ಕೈಯಲ್ಲೂ ಎಷ್ಟು ಚೆನ್ನಾಗಿ ಬೆಳೆದಿದೆ ಎನ್ನುವುದು ನಿಮಗೇ ತಿಳಿಯುತ್ತದೆ.

ಇನ್ನು ನಿಮ್ಮ ಮಗಳ ಉಡುಗೆ. ಇದರ ತವರು ಹರಾಜುಕು. ಟೋಕಿಯೋದ ಮೇಜಿ ದೇವಾಲಯದ ಕಾಡು ಒಂದು ಬದಿಗೆ, ಒಮೊತೆಸಾಂದೊ ಎಂಬ ಸಾಲುಮರದ ಹೆದ್ದಾರಿ ಇನ್ನೊಂದು ಬದಿಗೆ ಇರುವ ಈ ಬಡಾವಣೆ ಯುವಜನರ ಬೀದಿಯಾದದ್ದು ಯುದ್ಧಾನಂತರದ ಒಂದು ಬೆಳವಣಿಗೆಯಿಂದ. ಜಪಾನ್ ಸೋತ ಮೇಲೆ ಅಮೆರಿಕದ ಸೇನೆ ತನ್ನ ಅಧಿಕಾರಿಗಳ ಕುಟುಂಬಗಳಿಗಾಗಿ ಪಕ್ಕದ ಜಾಗದಲ್ಲಿ ಒಂದು ವಸತಿ ಕಾಲೊನಿ ಕಟ್ಟಿತು. ಆ ಕುಟುಂಬಗಳಿಗೆ ಬೇಕಾದ ಸಾಮಾನು ಮಾರುವ ಅಂಗಡಿಗಳು ಒಮೊತೆಸಾಂದೊದ ಉದ್ದಕ್ಕೂ ಹುಟ್ಟಿಕೊಂಡವು. ಹೊಸ ಜಗತ್ತಿನ ಬಟ್ಟೆ, ಆಟಿಕೆ, ಪುಸ್ತಕಗಳ ವಾಸನೆ ಆ ಬೀದಿಗೆ ಅಂಟಿಕೊಂಡಿತು. 1964ರ ಒಲಿಂಪಿಕ್ಸ್ ಸಮಯದಲ್ಲಿ ಆ ಕಾಲೊನಿ ಕ್ರೀಡಾಗ್ರಾಮವಾಯಿತು, 1967ರಲ್ಲಿ ಯೊಯೊಗಿ ಉದ್ಯಾನವಾಯಿತು. ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಛಾಯಾಗ್ರಾಹಕರು, ವಿನ್ಯಾಸಕಾರರು ಬಂದು ನೆಲೆಸಿದರು. 1970ರ ದಶಕದ ಆರಂಭದ ಹೊಸ ಮಹಿಳಾ ಪತ್ರಿಕೆಗಳು ಊರೂರಿನ ಹುಡುಗಿಯರಿಗೆ ಹರಾಜುಕುವಿನ ದಾರಿ ತೋರಿಸಿದವು.

ಆಮೇಲೆ ಬಂದದ್ದು ನನಗೆ ಬಹಳ ಪ್ರಿಯವಾದ ಘಟ್ಟ. 1977ರಿಂದ ಭಾನುವಾರಗಳಂದು ಅಲ್ಲಿಯ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ನಡೆಯುವವರಿಗೆ ಬಿಟ್ಟುಕೊಟ್ಟರು. ಇದನ್ನು ಜಪಾನೀಯರು ‘ಪಾದಚಾರಿಗಳ ಸ್ವರ್ಗ’ ಎಂದು ಕರೆದು, ಬಾಯಲ್ಲಿ ‘ಹೊಕೊತೆನ್’ ಎಂದು ಚುಟುಕಾಗಿಸಿದರು. 1978ರಲ್ಲಿ ‘ತಕೆನೊಕೊ’, ಅಂದರೆ ಬಿದಿರಿನ ಕಳಲೆ, ಎಂಬ ಹೆಸರಿನ ಬಟ್ಟೆ ಅಂಗಡಿ ತೆರೆಯಿತು. ಅಲ್ಲಿ ಕೊಂಡ ಹೊಳೆಯುವ ಸ್ಯಾಟಿನ್ ಬಟ್ಟೆಯ, ಕಡುಗುಲಾಬಿ, ನೇರಳೆ ಬಣ್ಣಗಳ, ಅಳ್ಳಕವಾದ ಉಡುಪು ತೊಟ್ಟ ಹದಿಹರೆಯದವರು ರಸ್ತೆಯ ನಡುವೆ ಟೇಪ್ ರೆಕಾರ್ಡರ್ ಇಟ್ಟು, ವೃತ್ತ ಕಟ್ಟಿ ಕುಣಿದರು. ಅಂಗಡಿಯ ಹೆಸರಿನಿಂದಲೇ ಅವರಿಗೆ ‘ತಕೆನೊಕೊ ಝೊಕು’ ಎಂಬ ಹೆಸರಾಯಿತು. ‘ಝೊಕು’ ಎಂದರೆ ಕುಲ, ಬುಡಕಟ್ಟು ಎಂಬ ಅರ್ಥ. ಅದೇ 1978ರಲ್ಲಿ ಲಾಫೋರೆ ಎಂಬ ಬಹುಮಹಡಿ ಬಟ್ಟೆಮಳಿಗೆಯೂ ತೆರೆದು, ಸಣ್ಣ ಸಣ್ಣ ಹೊಸ ವಿನ್ಯಾಸಕಾರರಿಗೆ ಜಾಗ ಕೊಟ್ಟಿತು. ಯಾರೂ ಹಣ ಕೊಟ್ಟು ಏರ್ಪಡಿಸದ, ಯಾವ ಪಾತ್ರವನ್ನೂ ಅಭಿನಯಿಸದ, ತಾವೇ ಕಂಡುಕೊಂಡ ಬಟ್ಟೆಯಲ್ಲಿ ತಮ್ಮ ಓರಗೆಯವರ ಮುಂದೆ ನಿಲ್ಲುವ ಅಭ್ಯಾಸ ಆ ಭಾನುವಾರಗಳಲ್ಲಿ ಬೇರುಬಿಟ್ಟಿತು. ವಾಹನ ದಟ್ಟಣೆ, ಗದ್ದಲ, ಕಸದ ದೂರುಗಳ ನಡುವೆ 1998ರಲ್ಲಿ ಹೊಕೊತೆನ್ ನಿಂತುಹೋಯಿತು. ಆದರೆ ನಿಲ್ದಾಣದ ಪಕ್ಕದ ಜಿಂಗು ಸೇತುವೆಯ ಮೇಲೆ ಭಾನುವಾರದ ಸೇರುವಿಕೆ ಮುಂದುವರಿಯಿತು.

ಆ ಸೇತುವೆಯ ಮೇಲೆ ವೇಷ ಮತ್ತು ಉಡುಗೆಯ ಗೆರೆ ಸ್ವಲ್ಪ ಮಸುಕಾಗಿತ್ತು ಎಂದು ನಾನು ಒಪ್ಪಬೇಕು. ದಟ್ಟ ಬಣ್ಣ, ಎತ್ತರದ ಕೇಶವಿನ್ಯಾಸ, ಕಪ್ಪು ಲೇಸಿನ ರಾಕ್ ಸಂಗೀತ ತಂಡಗಳನ್ನು ಜಪಾನಿನಲ್ಲಿ ‘ವಿಜುವಲ್ ಕೇ’ ಎನ್ನುತ್ತಾರೆ, ‘ಕೇ’ ಎಂದರೆ ಶೈಲಿಯ ಪಂಥ. ಅಭಿಮಾನಿಗಳಲ್ಲಿ ಕೆಲವರು ತಮ್ಮ ಮೆಚ್ಚಿನ ವಾದಕನ ಉಡುಪನ್ನು ಗುಂಡಿಯೂ ತಪ್ಪದಂತೆ ನಕಲು ಮಾಡಿ ಸೇತುವೆಗೆ ಬರುತ್ತಿದ್ದರು, ಅದು ಕಾಸ್‌ಪ್ಲೇಯೇ. ಇನ್ನು ಕೆಲವರು ಆ ಶೈಲಿಯನ್ನು ತಮ್ಮದಾಗಿಸಿಕೊಂಡು ದಿನನಿತ್ಯದ ಉಡುಗೆ ಮಾಡಿಕೊಂಡರು. ಮಾಲಿಸ್ ಮಿಝೆರ್ ತಂಡದ ಗಿಟಾರ್ ವಾದಕ ಮಾನಾ 1999ರಲ್ಲಿ ತಮ್ಮದೇ ಉಡುಪಿನ ಬ್ರಾಂಡ್ ತೆರೆದಾಗ, ಕಪ್ಪು ಬಣ್ಣದ ಗಾಥಿಕ್ ಲೋಲಿಟಾ ಶೈಲಿಗೆ ಒಂದು ಸ್ಪಷ್ಟ ರೂಪ ಬಂತು. ಆದರೆ ಆ ಮೂಲದಿಂದಷ್ಟೇ ಲೋಲಿಟಾ ಶೈಲಿ ಹರಿದು ಬಂದಿಲ್ಲ. ಹರಾಜುಕುವಿನಲ್ಲಿ 1970ರಲ್ಲಿ ಶುರುವಾದ ಮಿಲ್ಕ್ ಎಂಬ ಅಂಗಡಿ, ಹೂವಿನ ಬಟ್ಟೆ ಮತ್ತು ಫ್ರಿಲ್‌ಗಳ ಪಿಂಕ್ ಹೌಸ್, 1988ರಲ್ಲಿ ಬಂದ ಬೇಬಿ ದ ಸ್ಟಾರ್ಸ್ ಶೈನ್ ಬ್ರೈಟ್ ಎಂಬ ಉದ್ದ ಹೆಸರಿನ ಬ್ರಾಂಡ್, ಇವೆಲ್ಲ ಸೇರಿ ಎರಡು ದಶಕಗಳಲ್ಲಿ ಈ ಉಡುಗೆಯನ್ನು ರೂಪಿಸಿದವು. ಹದಿನೆಂಟನೇ ಶತಮಾನದ ಫ್ರೆಂಚ್ ಅರಮನೆಯ ಮತ್ತು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಮಕ್ಕಳ ಉಡುಪುಗಳನ್ನು ಜಪಾನಿನ ಹುಡುಗಿಯರು ತಮ್ಮ ಕಲ್ಪನೆಯಲ್ಲಿ ಕರಗಿಸಿ ಮತ್ತೆ ಎರಕ ಹೊಯ್ದದ್ದು ಇದು. ಯೂರೋಪಿನಲ್ಲಿ ಯಾವ ಕಾಲದಲ್ಲೂ ಯಾರೂ ಹೀಗೇ ಉಡುತ್ತಿರಲಿಲ್ಲ.

ಹೆಸರಿನ ಬಗ್ಗೆ ನಿಮ್ಮ ಗಾಬರಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1955ರಲ್ಲಿ ಅದೇ ಹೆಸರಿನ ಇಂಗ್ಲಿಷ್ ಕಾದಂಬರಿಯೊಂದು ಪ್ರಕಟವಾಯಿತು. ಅದು ಬಾಲಕಿಯೊಬ್ಬಳ ಮೇಲೆ ವಯಸ್ಕನೊಬ್ಬ ನಡೆಸುವ ದೌರ್ಜನ್ಯದ ಕಥೆ, ಮತ್ತು ಆ ಹೆಸರು ಜಗತ್ತಿನಾದ್ಯಂತ ಆ ಕೆಟ್ಟ ಅರ್ಥವನ್ನೇ ಹೊತ್ತು ತಿರುಗುತ್ತಿದೆ. ಈ ಉಡುಗೆ ತೊಡುವವರಿಗೆ ಆ ಕಥೆಯೊಂದಿಗೆ ಯಾವ ನಂಟೂ ಇಲ್ಲ. ಅವರ ಬಾಯಲ್ಲಿ ಈ ಪದ ಬೊಂಬೆಯಂಥ, ಅಚ್ಚುಕಟ್ಟಾದ, ಮುದ್ದಾದ ಉಡುಗೆಯನ್ನಷ್ಟೇ ಸೂಚಿಸುತ್ತದೆ. ಉಡುಗೆಯನ್ನೇ ನೋಡಿದರೂ ಇದು ಸ್ಪಷ್ಟವಾಗುತ್ತದೆ: ಕತ್ತಿನವರೆಗೆ ಗುಂಡಿ ಹಾಕಿದ ಬ್ಲೌಸು, ಮೊಣಕಾಲು ಮುಟ್ಟುವ ಲಂಗ, ಅದರ ಒಳಗೆ ಒಳಲಂಗ, ಒಳಲಂಗದ ಒಳಗೆ ನೆರಿಗೆಯ ಚಡ್ಡಿ, ಕೆಳಗೆ ಉದ್ದ ಕಾಲುಚೀಲ. ನಾನು ಮಾತನಾಡಿಸಿದ ಹುಡುಗಿಯರಲ್ಲಿ ಬಹುಮಂದಿ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದರು: ಇದನ್ನು ಗಂಡಸರ ಕಣ್ಣಿಗಾಗಿ ತೊಡುವುದಿಲ್ಲ, ಕನ್ನಡಿಯಲ್ಲಿ ತಮ್ಮನ್ನು ತಾವು ನೋಡಿಕೊಂಡಾಗ ಆಗುವ ಸಂತೋಷಕ್ಕಾಗಿ ತೊಡುತ್ತಾರೆ. ಆದರೂ ಹೊರಗಿನವರು ತಪ್ಪು ತಿಳಿಯುವ ಸಾಧ್ಯತೆ ಇರುವುದು ನಿಜ. ಆದ್ದರಿಂದ ನೆಂಟರಿಷ್ಟರಿಗೆ ಹೇಳುವಾಗ ಆ ಒಂಟಿ ಪದವನ್ನು ಬಿಟ್ಟು ‘ಹರಾಜುಕು ಶೈಲಿಯ ಉಡುಗೆ’ ಎನ್ನಿ. ಮಗಳಿಗೂ ಜಾಲತಾಣಗಳಲ್ಲಿ ಫೋಟೋ ಹಾಕುವಾಗ ‘ಲೋಲಿಟಾ ಫ್ಯಾಶನ್’ ಎಂದು ಪೂರ್ತಿಯಾಗಿ ಬರೆಯಲು ಹೇಳಿ. ಆ ಉಡುಗೆ ತೊಟ್ಟವರನ್ನು ಕೇಳದೆ ಫೋಟೋ ತೆಗೆಯುವ, ಹಿಂಬಾಲಿಸುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ, ಅಂಥ ಕಡೆ ಗೆಳತಿಯರ ಜೊತೆಯಲ್ಲಿರುವುದು ಒಳ್ಳೆಯದು.

ಫೋಟೋದ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಆವೊಕಿ ಶೋಯಿಚಿ ಎಂಬ ಛಾಯಾಗ್ರಾಹಕರು 1997ರಲ್ಲಿ ‘ಫ್ರೂಟ್ಸ್’ ಎಂಬ ಮಾಸಪತ್ರಿಕೆ ಆರಂಭಿಸಿದರು. ಒಂದು ಪುಟಕ್ಕೆ ಹರಾಜುಕುವಿನ ಬೀದಿಯಲ್ಲಿ ತಲೆಯಿಂದ ಪಾದದವರೆಗೆ ನಿಂತ ಒಬ್ಬರು, ಬದಿಯಲ್ಲಿ ಅವರ ವಯಸ್ಸು, ಉದ್ಯೋಗ, ತೊಟ್ಟ ಒಂದೊಂದು ಬಟ್ಟೆ ಎಲ್ಲಿಯದು ಎಂಬ ವಿವರ. ಆ ವಿವರಗಳಲ್ಲಿ ದುಬಾರಿ ಬ್ರಾಂಡ್‌ಗಳ ಪಕ್ಕದಲ್ಲೇ ‘ಹಳೆ ಬಟ್ಟೆ ಅಂಗಡಿ’, ‘ನಾನೇ ಹೊಲಿದದ್ದು’ ಎಂಬ ಮಾತುಗಳು ಮತ್ತೆ ಮತ್ತೆ ಸಿಗುತ್ತವೆ. ಕಾಸ್‌ಪ್ಲೇ ಫೋಟೋದ ಕೆಳಗೆ ಮೊದಲು ಬರುವುದು ಪಾತ್ರದ ಹೆಸರು. ಬೀದಿ ಫ್ಯಾಶನ್ ಫೋಟೋದ ಕೆಳಗೆ ಮೊದಲು ಬರುವುದು ತೊಟ್ಟವರ ವಿವರ. ಒಂದು ‘ನೀನು ಯಾರಾಗಿದ್ದೀಯ’ ಎಂದು ಕೇಳುತ್ತದೆ, ಇನ್ನೊಂದು ‘ನೀನು ಯಾರು’ ಎಂದು. ಮಗಳಿಗೆ ಮುಂದಿನ ಸಲ ಫೋನ್ ಮಾಡಿದಾಗ ಈ ಎರಡನೇ ರೀತಿಯಲ್ಲಿ ಕೇಳಿ: ಈ ಕಾಲರ್ ಎಲ್ಲಿ ಸಿಕ್ಕಿತು, ಈ ಬಣ್ಣವನ್ನು ಇದಕ್ಕೆ ಏಕೆ ಹೊಂದಿಸಿದೆ ಎಂದು. ಅವಳು ಅರ್ಧ ಗಂಟೆ ಮಾತಾಡದಿದ್ದರೆ ನನಗೆ ಆಶ್ಚರ್ಯ.

ಲೋಲಿಟಾದ ಹೊರತಾಗಿಯೂ ಅಲ್ಲಿ ಹಲವು ಶೈಲಿಗಳಿವೆ, ಎಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ. ಹೇರ್‌ಪಿನ್ನು, ಪ್ಲಾಸ್ಟಿಕ್ ಆಟಿಕೆ, ಬಣ್ಣದ ಮಣಿಗಳನ್ನು ಪದರಪದರವಾಗಿ ಹೇರಿಕೊಳ್ಳುವ ‘ದೆಕೊರಾ’ ಹರಾಜುಕುವಿನದೇ. ಆದರೆ ಒಂದು ರೈಲು ನಿಲ್ದಾಣದಾಚೆಯ ಶಿಬುಯಾದ ‘ಗ್ಯಾರು’ ಹುಡುಗಿಯರನ್ನು ಹೆಸರಿಸದೆ ಮುಂದೆ ಹೋಗಲಾರೆ. ಶಿಬುಯಾ 109 ಎಂಬ ಮಳಿಗೆಯ ಸುತ್ತ 1990ರ ದಶಕದಲ್ಲಿ ಬೆಳೆದ ಇವರು ಶಾಲಾ ಸಮವಸ್ತ್ರದ ಲಂಗವನ್ನು ಗಿಡ್ಡ ಮಾಡಿದರು, ಕಾಲುಚೀಲವನ್ನು ಹಿಮ್ಮಡಿಯವರೆಗೆ ಸಡಿಲವಾಗಿ ಇಳಿಬಿಟ್ಟರು, ಗಾಯಕಿ ಅಮುರೊ ನಮಿಯೆಯವರಂತೆ ಕೂದಲಿಗೆ ಕಂದು ಬಣ್ಣ ಹಾಕಿ ಮೈಬಣ್ಣವನ್ನು ಬಿಸಿಲಿಗೆ ಕಾಯಿಸಿ ಗಾಢ ಮಾಡಿಕೊಂಡರು. ದಶಕದ ಕೊನೆಯ ಹೊತ್ತಿಗೆ ‘ಗಾಂಗುರೊ’ ಎಂಬ ಶಾಖೆಯವರು ಅದನ್ನು ಇನ್ನೂ ಗಾಢವಾಗಿಸಿ, ಕಣ್ಣಿನ ಸುತ್ತ ಬಿಳಿ ಬಳಿದರು. ಬಿಳಿಚರ್ಮವೇ ಸೌಂದರ್ಯ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದ ಸಮಾಜದಲ್ಲಿ ಹದಿನೇಳರ ಹುಡುಗಿಯರು ತಮ್ಮ ಮುಖವನ್ನೇ ಕಪ್ಪಾಗಿಸಿಕೊಂಡು ಬೀದಿಗೆ ಬಂದದ್ದು ಸಣ್ಣ ಧೈರ್ಯವಲ್ಲ. ಬೆಳ್ಳಗಾಗುವ ಕ್ರೀಮುಗಳ ಜಾಹೀರಾತು ನೋಡುತ್ತಾ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಆ ಧೈರ್ಯದ ತೂಕ ಚೆನ್ನಾಗಿ ಗೊತ್ತಾಗುತ್ತದೆ.

ಓದು ಮತ್ತು ಕೆಲಸಕ್ಕೆ ತೊಂದರೆಯೇ ಎಂಬುದಕ್ಕೆ ನನ್ನ ಉತ್ತರ, ಇಲ್ಲ. ಜಪಾನಿನಲ್ಲಿ ಕೆಲಸ ಹುಡುಕುವ ವಿದ್ಯಾರ್ಥಿಗಳು ಬಹುತೇಕ ಎಲ್ಲರೂ ಕಪ್ಪು ಅಥವಾ ಕಡುನೀಲಿ ಸೂಟು, ಬಿಳಿ ಶರಟು ತೊಡುತ್ತಾರೆ. ಅದಕ್ಕೆ ‘ರಿಕ್ರೂಟ್ ಸೂಟ್’ ಎಂದೇ ಹೆಸರು. ಭಾನುವಾರದ ಉಡುಗೆ ಭಾನುವಾರಕ್ಕೆ, ಸೋಮವಾರದ್ದು ಸೋಮವಾರಕ್ಕೆ ಎಂಬ ವಿಂಗಡಣೆ ಅಲ್ಲಿ ಬಹಳ ಸ್ಪಷ್ಟವಾಗಿದೆ, ನಿಮ್ಮ ಮಗಳೂ ಅದನ್ನು ಕಲಿತಿರುತ್ತಾಳೆ. 2009ರಲ್ಲಿ ಜಪಾನಿನ ವಿದೇಶಾಂಗ ಸಚಿವಾಲಯ ತನ್ನ ದೇಶದ ಯುವ ಫ್ಯಾಶನ್ನನ್ನು ಹೊರಗೆ ಪರಿಚಯಿಸಲು ಮೂವರು ಯುವತಿಯರನ್ನು ‘ಕವಾಯಿ ರಾಯಭಾರಿ’ಗಳಾಗಿ ನೇಮಿಸಿತು. ‘ಕವಾಯಿ’ ಎಂದರೆ ಮುದ್ದಾದದ್ದು. ಅವರಲ್ಲಿ ಲೋಲಿಟಾ ಶೈಲಿಯ ಪ್ರತಿನಿಧಿಯಾಗಿ ಹಲವು ದೇಶಗಳಿಗೆ ಹೋದ ಆವೊಕಿ ಮಿಸಾಕೊ ವೃತ್ತಿಯಿಂದ ನರ್ಸ್. ಸರ್ಕಾರವೇ ರಾಯಭಾರಿಯಾಗಿ ಕಳಿಸಿದ ಉಡುಗೆಯ ಬಗ್ಗೆ ನೀವು ತಲೆತಗ್ಗಿಸಬೇಕಾಗಿಲ್ಲ.

ಹಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹೆಸರಾಂತ ಬ್ರಾಂಡಿನ ಒಂದು ಉಡುಗೆಗೆ ಸುಮಾರು 30,000 ಯೆನ್, ಅಂದರೆ 15,000 ರೂಪಾಯಿಗೂ ಮೇಲೆ ಬೀಳುತ್ತದೆ. ಬ್ಲೌಸು, ಒಳಲಂಗ, ಬೂಟು, ತಲೆಯ ರಿಬ್ಬನ್ನು ಬೇರೆ. ವಿದ್ಯಾರ್ಥಿ ವೀಸಾದಲ್ಲಿರುವವರು ಅನುಮತಿ ಪಡೆದು, ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 28 ಗಂಟೆ ಮಾತ್ರ ಅರೆಕಾಲಿಕ ಕೆಲಸ ಮಾಡಬಹುದು. ಉಡುಗೆಯ ಆಸೆಗೆ ಆ ಮಿತಿ ದಾಟಿದರೆ ವೀಸಾಕ್ಕೇ ಕುತ್ತು. ಇದನ್ನು ಮಗಳಿಗೆ ಖಂಡಿತ ಹೇಳಿ. ಇಂಥ ಉಡುಗೆಗಳನ್ನು ಮರುಮಾರಾಟ ಮಾಡುವ ಅಂಗಡಿಗಳು ಟೋಕಿಯೋದಲ್ಲಿವೆ. ಅಲ್ಲಿ ಪ್ರತಿ ಉಡುಗೆಗೂ ಕಲೆ, ಬಿಚ್ಚಿದ ಹೊಲಿಗೆ, ಕಳೆದುಹೋದ ರಿಬ್ಬನ್ನನ್ನು ಚೀಟಿಯಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟಿರುತ್ತಾರೆ. ಅನುಭವಿಗಳು ಹೆಚ್ಚಾಗಿ ಅಲ್ಲಿಯೇ ಕೊಳ್ಳುತ್ತಾರೆ. 2008ರಿಂದೀಚೆಗೆ ಹರಾಜುಕುವಿಗೆ ಅಗ್ಗದ ಅಂತರರಾಷ್ಟ್ರೀಯ ಬಟ್ಟೆ ಸರಪಳಿಗಳು ಬಂದು, ಬೀದಿಯ ಬಹುಭಾಗ ಜಗತ್ತಿನ ಎಲ್ಲ ಬೀದಿಗಳಂತೆ ಕಾಣತೊಡಗಿತು. 2017ರಲ್ಲಿ ‘ಫ್ರೂಟ್ಸ್’ ನಿಂತಿತು, ಫೋಟೋ ತೆಗೆಯುವಂಥ ಉಡುಗೆಯವರು ಸಿಗುತ್ತಿಲ್ಲ ಎಂಬುದು ಛಾಯಾಗ್ರಾಹಕ ಆವೊಕಿ ಶೋಯಿಚಿ ಕೊಟ್ಟ ಕಾರಣವಾಗಿತ್ತು. ಆದರೂ ಬೀದಿಯಿಂದ ಹಿಂದೆ ಸರಿದ ಆ ಪ್ರೀತಿ ಚಹಾ ಕೂಟಗಳಲ್ಲಿ, ಗೆಳತಿಯರ ಭೇಟಿಯಲ್ಲಿ, ಫೋನಿನ ಪರದೆಯಲ್ಲಿ ಉಳಿದಿದೆ. ನಿಮ್ಮ ಮಗಳೇ ಅದಕ್ಕೆ ಸಾಕ್ಷಿ.

ಕೊನೆಯದಾಗಿ ನಿಮ್ಮ ಮನೆಯವರ ಹೊಲಿಗೆಯ ಪ್ರಶ್ನೆ. ಖಂಡಿತ ಹೊಲಿಯಬಹುದು. 2001ರಿಂದ ಬಂದ ‘ಗಾಥಿಕ್ ಆಂಡ್ ಲೋಲಿಟಾ ಬೈಬಲ್’ ಎಂಬ ಪತ್ರಿಕೆ ಓದುಗರಿಗೆ ಹೊಲಿಯಲು ಮಾದರಿ ನಕಾಶೆಗಳನ್ನೇ ಕೊಡುತ್ತಿತ್ತು, ಮನೆಯ ಹೊಲಿಗೆ ಈ ಶೈಲಿಗೆ ಹೊರಗಿನದೇನಲ್ಲ. ಆದರೆ ಮುಖ್ಯ ಉಡುಗೆಗೆ ಮೊದಲೇ ಕೈಹಾಕಬೇಡಿ ಎಂದು ಅವರಿಗೆ ತಿಳಿಸಿ. ನಾನು ಒಮ್ಮೆ ಅಂಥ ಉಡುಗೆಯೊಂದನ್ನು ಒಳಮುಖ ತಿರುಗಿಸಿ ನೋಡಿದ್ದೇನೆ. ಬೆನ್ನಿನ ಭಾಗದಲ್ಲಿ ಎಲಾಸ್ಟಿಕ್ ದಾರದ ಹತ್ತಾರು ಸಾಲು ಹೊಲಿಗೆ ಹಾಕಿ ಬಟ್ಟೆಯನ್ನು ಸುಕ್ಕುಗಟ್ಟಿಸಿದ್ದರು. ಲಂಗದ ಅಂಚಿನ ಚಿತ್ರವನ್ನು ಸೀರೆಯ ಬಾರ್ಡರಿನಂತೆ ನೆರಿಗೆ ಹಿಡಿದ ಮೇಲೂ ಮುರಿಯದ ಹಾಗೆ ಅಳೆದು ಅಚ್ಚು ಹಾಕಿಸಿದ್ದರು. ಆ ಮುದ್ರಿತ ಬಟ್ಟೆ ಆ ಬ್ರಾಂಡಿನವರಿಗಷ್ಟೇ ಸಿಗುವಂಥದ್ದು, ನಮ್ಮ ಪೇಟೆಯಲ್ಲಿ ಸಿಗದು. ಅದರ ಬದಲು ಯಾರಿಗೂ ಕಾಣದ, ಆದರೆ ಇಡೀ ಉಡುಗೆಯನ್ನು ಎತ್ತಿ ನಿಲ್ಲಿಸುವ ಒಳಲಂಗವನ್ನು ಹೊಲಿದು ಕಳಿಸಲಿ. ನಮ್ಮ ಟೈಲರುಗಳು ಲೆಹೆಂಗಾದ ಒಳಗೆ ಹಾಕುವ ಕ್ಯಾನ್‌ಕ್ಯಾನ್‌ನ ಮೃದುವಾದ ತಂಗಿ ಅದು.

ಮೂರು ಅಂತಸ್ತಾಗಿ ಕತ್ತರಿಸಬೇಕು. ಮೇಲಿನ ಪಟ್ಟಿ ತೆಳು ಹತ್ತಿ ಬಟ್ಟೆಯದಿದ್ದರೆ ಸೊಂಟದ ಬಳಿ ಉಬ್ಬಿಕೊಳ್ಳುವುದಿಲ್ಲ. ಕೆಳಗಿನ ಎರಡಕ್ಕೆ ಮೆತ್ತನೆಯ ನೆಟ್ ಅಥವಾ ಆರ್ಗಂಡಿ ಸಾಕು. ಪ್ರತಿ ಪಟ್ಟಿ ಅದರ ಮೇಲಿನ ಪಟ್ಟಿಯ ಎರಡರಿಂದ ಎರಡೂವರೆ ಪಟ್ಟು ಉದ್ದವಿರಲಿ, ಅದನ್ನು ನೆರಿಗೆ ಹಿಡಿದು ಜೋಡಿಸಿದರೆ ಗಂಟೆಯಂತೆ ಅರಳುತ್ತದೆ. ನೆಟ್ಟಿನ ಅಂಚು ಚರ್ಮಕ್ಕೆ ತಾಗಿ ಚುಚ್ಚದಂತೆ ಒಳಗೆ ಒಂದು ಹತ್ತಿ ಲೈನಿಂಗ್ ಬೇಕೇ ಬೇಕು. ಕೊನೆಯ ಅಂಚಿಗೆ ಲೇಸು ಹಾಕುವುದಾದರೆ ಹೊಳೆಯುವ ನೈಲಾನ್ ಲೇಸನ್ನು ಬಿಟ್ಟು ಹತ್ತಿ ಲೇಸನ್ನೇ ಆರಿಸಿಕೊಳ್ಳಲಿ, ಈ ಶೈಲಿಯವರ ಕಣ್ಣು ಮೊದಲು ಬೀಳುವುದೇ ಲೇಸಿನ ಗುಣಮಟ್ಟದ ಮೇಲೆ. ಮಗಳಿಂದ ಎರಡು ಅಳತೆ ತರಿಸಿಕೊಳ್ಳಿ: ಸೊಂಟದ ಸುತ್ತಳತೆ, ಮತ್ತು ಅವಳ ಉಡುಗೆಯಲ್ಲಿ ಸೊಂಟದ ಹೊಲಿಗೆಯಿಂದ ಕೆಳಗಿನ ಅಂಚಿನವರೆಗಿನ ಉದ್ದ. ಒಳಲಂಗ ಆ ಉದ್ದಕ್ಕಿಂತ 5ರಿಂದ 8 ಸೆಂಟಿಮೀಟರ್ ಗಿಡ್ಡವಿರಬೇಕು. ಅಂಚೆಗೆ ಹಾಕುವಾಗ ಗಟ್ಟಿಯಾಗಿ ಮಡಚಬೇಡಿ, ನೆಟ್ಟನ್ನು ಸುರುಳಿ ಸುತ್ತಿ ಒಂದು ಹಳೆಯ ದಿಂಬಿನ ಕವರಿನೊಳಗೆ ಇಟ್ಟು ಕಳಿಸಿ.